ರೋಗ ಹಚ್ಚುವ ಕತ್ತರಿ

ನಾನು ಒಂದು ಕತ್ತರಿ. ಕೊಪ್ಪಳ ಸೀಮೆಯ ಕಮ್ಮಾರನೊಬ್ಬನ ಕುಲುಮೆಯಲ್ಲಿ ಹುಟ್ಟಿದೆ. ಮೊದಲು ದರ್ಜಿ ಮೌಲಾಸಾಬರ ಬಳಿ ಇದ್ದು ಜಂಪರು, ಲಂಗಗಳ ಬಟ್ಟೆ ಕತ್ತರಿಸಿದೆ. ಕಣ್ಣು ಮಂಜಾದಾಗ ಅವರು ಅಂಗಡಿ ಮುಚ್ಚಿ, ನನ್ನನ್ನು ಭತ್ತದ ಸಂಶೋಧನಾ ಕೇಂದ್ರದ ನೀಲಾಂಬಿಕೆಯವರಿಗೆ ಕೊಟ್ಟರು.

ಅಲ್ಲಿ ನನ್ನ ಕೆಲಸ ವಿಚಿತ್ರವಾಗಿತ್ತು. ಎಲೆ ಒಣಗಿಸುವ ಅಂಗಮಾರಿ ರೋಗದ ದುಂಡಾಣುಗಳಿದ್ದ ಕಂದು ಸೀಸೆಯ ನೀರಿನಲ್ಲಿ ನನ್ನನ್ನು ಅದ್ದಿ, ಭತ್ತದ ಎಲೆಗಳ ತುದಿ ಕತ್ತರಿಸುತ್ತಿದ್ದರು. ರೋಗವನ್ನು ಬೇಕೆಂದೇ ಹಚ್ಚಿ, ಯಾವ ಪೈರು ಅದನ್ನು ತಡೆಯುತ್ತದೆ ಎಂದು ನೋಡುವ ಪರೀಕ್ಷೆ ಅದು.

ನೀಲಾಂಬಿಕೆಯವರ ಪತಿ ಸಿದ್ಧರಾಮಪ್ಪನವರೂ ಅಲ್ಲಿಯೇ ವಿಜ್ಞಾನಿಯಾಗಿದ್ದರು. ಈ ದುಂಡಾಣುವನ್ನು ಗುರುತಿಸಿ ತಡೆಯುವ ವಂಶವಾಹಿ ಕಾಡುಭತ್ತವೊಂದರಲ್ಲಿ ಇರುವುದನ್ನು ಕಂಡು, ಅದನ್ನು ಊಟದ ಭತ್ತದೊಡನೆ ಸಂಕರ ಮಾಡಿ ಹೊಸ ತಳಿ ಬೆಳೆಸಿದರು. ಅದು ಪರೀಕ್ಷೆಗೆ ಬರುವ ಮುನ್ನವೇ ದೇವರ ಪಾದ ಸೇರಿದರು. ಅವರ ಬಾಳಿನ ದುಡಿಮೆ ಫಲಿಸಿತೋ ಇಲ್ಲವೋ ಎಂದು ತೋರಿಸುವುದು ನನ್ನ ಅಲಗಿನ ಪಾಲಿಗೆ ಬಂದಿತ್ತು.

ಆಯುಧಪೂಜೆಯ ದಿನ ಹೊಲದ ಕೆಲಸದ ಹುಲಿಗೆಮ್ಮ ನನ್ನನ್ನು ತೊಳೆದು ವಿಭೂತಿ ಹಚ್ಚಿದಳು. ಪಕ್ಕದ ಸೀಸೆಗೂ ಆರತಿ ಎತ್ತಿ, ಸುಣ್ಣ ಅರಿಶಿನ ಕದಡಿದ ಆರತಿ ನೀರನ್ನು ಅದರೊಳಗೂ ಒಂದಿಷ್ಟು ಹೊಯ್ದಳು. ಮರುದಿನ ಅದೇ ಸೀಸೆಯಲ್ಲಿ ನನ್ನನ್ನು ಅದ್ದಿ ಎಲೆಗಳನ್ನು ಕತ್ತರಿಸಿದರು.

ವಾರಗಳಾದರೂ ಹೊಸ ತಳಿ ಹಸಿರಾಗಿಯೇ ಇತ್ತು. ಕೇಂದ್ರದವರು ಪೇಡೆ ತಂದರು. ನೀಲಾಂಬಿಕೆಯವರು ಮಾತ್ರ ಪಕ್ಕದ ಸಾಲನ್ನು ನೋಡುತ್ತ ನಿಂತರು. ಅದು ಹೋಲಿಸಿ ನೋಡಲು, ರೋಗ ತಗಲಲೆಂದೇ ಹಾಕಿದ್ದ ಹಳೆಯ ತಳಿ. ಅದೂ ಹಸಿರಾಗಿತ್ತು. ರೋಗವೇ ಹತ್ತಿಲ್ಲವೆಂದು ತಿಳಿದು, ಕೈಯಲ್ಲಿದ್ದ ಪೇಡೆಯನ್ನು ಡಬ್ಬಿಗೆ ಮರಳಿ ಇಟ್ಟರು.

ಹುಲಿಗೆಮ್ಮ ತಲೆ ತಗ್ಗಿಸಿದಳು. “ಆರತಿ ನೀರು ನಾನಽ ಹಾಕೀನ್ರಿ, ಅಮ್ಮಾರ. ಸಾಹೇಬ್ರ ಪೈರಿಗೆ ಕೇಡು ಆಗಬಾರದಂತ.”

ಸುಣ್ಣದ ನೀರಿಗೆ ಸೀಸೆಯ ದುಂಡಾಣುಗಳು ಸತ್ತಿದ್ದವೆಂದು ನೀಲಾಂಬಿಕೆಯವರಿಗೆ ಆಗ ತಿಳಿಯಿತು. ಅವರು ಸಣ್ಣಗೆ ನಕ್ಕರು. “ಪೂಜಿ ಬೆಳಿಗೆ ಮಾಡವ್ವ, ರೋಗಕ್ಕ ಮಾಡಬ್ಯಾಡ.”

ಹೊಸ ಸೀಸೆ ಬಂತು. ಈ ಸಲ ನೀಲಾಂಬಿಕೆಯವರೇ ಕತ್ತರಿಸಿದರು. ಕ್ರಮೇಣ ಹಳೆಯ ತಳಿಯ ಎಲೆಗಳು ತುದಿಯಿಂದ ಬುಡದವರೆಗೆ ಒಣಹುಲ್ಲಾದವು. ಹೊಸ ತಳಿಯಲ್ಲಿ ಕತ್ತರಿಸಿದ ಅಂಚು ಉಗುರಿನಷ್ಟು ಕಂದಿತ್ತು. ಅದರ ಕೆಳಗೆಲ್ಲ ಹಸಿರು. ಆ ಗೆರೆಯ ಮೇಲೆ ಬೆರಳಿಟ್ಟು, “ಇಲ್ಲಿಗೆ ನಿಂತೈತಿ, ಹುಲಿಗೆಮ್ಮ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ನನ್ನ ಅಲಗು ಮೊಂಡಾಗಿದೆ. ಬೀಜದ ಕೋಣೆಯ ಮೊಳೆಗೆ ತೂಗುಬಿದ್ದಿದ್ದೇನೆ. ಸಿದ್ಧರಾಮಪ್ಪನವರ ಭತ್ತವನ್ನು ಒಯ್ಯಲು ರೈತರು ಬಂದಾಗ ಚೀಲದ ಹುರಿ ಕತ್ತರಿಸುತ್ತೇನೆ. ಹೋದವರನ್ನು ಭಗವಂತ ಮರಳಿ ಕೊಡುವುದಿಲ್ಲ. ಆದರೆ ಅವರು ಬಿತ್ತಿದ್ದನ್ನು ಪ್ರತಿ ಮುಂಗಾರಿನಲ್ಲೂ ಮೊಳೆಯಿಸುತ್ತಾನೆ. ನನಗೆ ಅಷ್ಟು ಸಾಕು.