ಚನ್ನವೀರಯ್ಯ ಹೊಗಳಿದ ವಾರ

ಹಿರೇಹಳ್ಳಿಯ ಶೆಡ್ಡೊಂದರಲ್ಲಿ ವೆಲ್ಡಿಂಗ್ ಕಲಿಸುವ ಚನ್ನವೀರಯ್ಯನವರ ಬಾಯಿಂದ ಒಳ್ಳೆ ಮಾತು ಬೀಳುತ್ತಿದ್ದದ್ದು ಒಂದೇ ದಿನ: ಯಾರನ್ನಾದರೂ ಕೆಲಸದಿಂದ ತೆಗೆದು ಕಳಿಸಿಕೊಡುವ ದಿನ. ಅವತ್ತು ಹಾರ ಹಾಕಿ, ಬಾಳೆಹಣ್ಣು ಕೈಗಿಟ್ಟು, 'ಏನು ಕೈ ನಿಂದು' ಎಂದು ಎಲ್ಲರೆದುರು ಹೊಗಳುವರು. ಮಿಕ್ಕ ದಿನವೆಲ್ಲ ಬೈಗುಳ. ಇದೊಂದು ಪದ್ಧತಿಯಾಗಿ ಕೂತುಬಿಟ್ಟಿದೆ ಅನ್ನುವುದು ಅವರಿಗೇ ತಿಳಿದಿರಲಿಲ್ಲ.

ಶನಿವಾರ ಪರೀಕ್ಷೆಯಿತ್ತು. ಕೊತ್ತಗೆರೆಯಿಂದ ಬಂದು ಕೆಲಸ ಕಲಿಯುತ್ತಿದ್ದ ಪಲ್ಲವಿ ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ ಎಂದು ಮಾಲೀಕ ಜಯಪ್ರಕಾಶ್ ಹೇಳಿಬಿಟ್ಟಿದ್ದ. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಉಳಿದಿದ್ದ ದಾರಿ ಇದೊಂದೇ. ಕೈ ಒಳ್ಳೆಯದೇ, ಧೈರ್ಯ ಸಾಲದು. ಪೈಪಿನ ತಿರುವಿಗೆ ಬಂದರೆ ಅರ್ಧಕ್ಕೇ ನಿಲ್ಲಿಸಿಬಿಡುವಳು.

ಸೋಮವಾರ ಸಂಜೆ ಗುಬ್ಬಿಯಲ್ಲಿ ಕಾವ್ಯವಾಚನ ಕೇಳಲು ಹೋದ ಚನ್ನವೀರಯ್ಯ ಒಂದು ಸಂಗತಿ ಕಂಡರು. ಓದುತ್ತಿದ್ದ ಹುಡುಗಿ ಪದ್ಯದ ನಡುವೆ ತಡವರಿಸಿದಳು. ಕೂತಿದ್ದ ಹಿರಿಯರು 'ಆಹಾ, ಮುಂದಕ್ಕೆ ತಾಯಿ' ಅಂದರು. ಅವಳ ದನಿ ತಾನಾಗಿ ಮೇಲೆದ್ದಿತು. ಶಿವನೇ, ಇಷ್ಟು ವರ್ಷ ನಾನು ಮಾಡಿದ್ದೇನು ಎಂದುಕೊಳ್ಳುತ್ತಲೇ ಅವರು ತುಮಕೂರಿನ ಬಸ್ಸು ಹತ್ತಿದರು.

ಮಂಗಳವಾರ ಪಲ್ಲವಿಯ ಬೆನ್ನ ಹಿಂದೆ ನಿಂತು, "ಆಹಾ, ಏನು ಕೈ ತಾಯಿ ನಿಂದು" ಅಂದರು.

ಅವಳು ಮಾಸ್ಕ್ ಎತ್ತಿ ಅವರನ್ನೇ ನೋಡಿದಳು. ಪಕ್ಕದ ಬೆಂಚಿನ ನಾಸಿರ್ ನಕ್ಕ. "ಪಲ್ಲವಿಯಕ್ಕಾ, ಹಾರಕ್ಕೆ ಆರ್ಡರ್ ಹೋಯ್ತು ಕಣಕ್ಕ."

"ಸುಮ್ನಿರ್ಲಾ, ನಿನ್ ಕೆಲಸ ನೋಡ್ಕೋ," ಅಂದರು ಮೇಷ್ಟ್ರು.

ಬುಧವಾರ ಅವಳ ಬೆಸುಗೆ ಸೊಟ್ಟಗಾಯಿತು. ಹೊಗಳಿದ್ದು ಸಾಲಲಿಲ್ಲವೇನೋ ಎಂದು ಮೇಷ್ಟ್ರು ಇನ್ನಷ್ಟು ಹೊಗಳಿದರು. ಗುರುವಾರ ಇನ್ನೂ ಕೆಟ್ಟಿತು. ಇವರು ಇನ್ನೂ ಧಾರಾಳವಾದರು. ಅವಳು ಊಟದ ಡಬ್ಬಿ ತೆರೆಯದೆ ಹಾಗೇ ವಾಪಸ್ ಒಯ್ಯತೊಡಗಿದಳು.

ಶನಿವಾರ, ಜಯಪ್ರಕಾಶನ ಕಣ್ಣೆದುರೇ, ತಿರುವಿನಲ್ಲಿ ಪೈಪು ಸುಟ್ಟು ತೂತಾಯಿತು. ಅವನು ಅಡ್ಡಡ್ಡ ತಲೆಯಾಡಿಸಿ ಆಫೀಸಿಗೆ ನಡೆದ.

"ಏನಾಯ್ತವ್ವಾ? ಅಷ್ಟು ಚೆನ್ನಾಗ್ ಮಾಡ್ತಿದ್ದೆ," ಅಂದರು ಚನ್ನವೀರಯ್ಯ.

"ಮಂಗಳವಾರನೇ ಗೊತ್ತಾಯ್ತು ಬುಡಿ ಮೇಷ್ಟ್ರೇ." ಪಲ್ಲವಿ ಕೈಗವಸು ಬಿಚ್ಚುತ್ತಿದ್ದಳು. "ಕಿರಣ್‌ಕುಮಾರ್‌ನ ಕೆಲಸದಿಂದ ತೆಗೆದು ಕಳಿಸೋವಾಗ್ಲೂ ಹಿಂಗೇ ಅಂದಿದ್ರಿ. ನನ್ನ ತೆಗೆಯೋದು ಗಟ್ಟಿ ಆಗ್ದೆ ನೀವು ಅಂಥ ಮಾತಾಡ್ತಿದ್ರಾ? ಪರೀಕ್ಷೆ ಬರೀ ತೋರಿಕೆಗೆ ಅನ್ಕೊಂಡೆ. ಇನ್ನು ಕೈ ಎಲ್ಲಿ ನಿಲ್ಲುತ್ತೆ."

"ಇಲ್ಲ ಕಣವ್ವಾ, ನಿಜವಾಗ್ಲೂ ನಿನ್ ಕೈ..."

"ಈಗ್ಲೂ ಅದೇ ಹೇಳ್ತಿದೀರಲ್ಲ," ಅಂದಳು, ಕೋಪವೂ ಇಲ್ಲದೆ.

ಅವರು ಆಫೀಸಿಗೆ ಓಡಿದರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಜಯಪ್ರಕಾಶ್ ಕಿಟಕಿಯಾಚೆ ಬೆಂಚಿನ ಮೇಲಿದ್ದ ತೂತು ಬಿದ್ದ ಪೈಪನ್ನೇ ತೋರಿಸಿದ. ಇವರು ಹೊರಗೆ ಬರುವಷ್ಟರಲ್ಲಿ ಅವಳು ಕುಣಿಗಲ್ ಬಸ್ಸು ಹಿಡಿಯಲು ಹೋಗಿಯಾಗಿತ್ತು.

ಸಂಜೆ ನಾಸಿರ್ ಒಂದು ಬೆಸುಗೆ ಮುಗಿಸಿ, ಮಾಸ್ಕ್ ಎತ್ತಿ ಕಾದ. ಕೆಲಸ ಒಪ್ಪವಾಗಿತ್ತು. ಚೆನ್ನಾಗಿದೆ ಅಂದರೆ ಅವನ ಮುಖ ಏನಾಗುವುದೋ ಅದನ್ನು ನೋಡುವ ಶಕ್ತಿ ಚನ್ನವೀರಯ್ಯನವರಿಗಿರಲಿಲ್ಲ. ಬೈಯಲು ನಾಲಗೆ ಏಳಲಿಲ್ಲ.

"ಏನ್ ಮೇಷ್ಟ್ರೇ, ಹೆಂಗದೆ?" ಅಂದ ನಾಸಿರ್.

ಅವರು ಕೇಳಿಸದವರಂತೆ ಪಕ್ಕದ ಬೆಂಚಿಗೆ ಹೋದರು. ಅಲ್ಲಿ ಯಾರೂ ಇರಲಿಲ್ಲ.