ಬಳಚು ಅಳೆದ ಬಳೆ

ನಾನು ಒಂದು ಕಬ್ಬಿಣದ ಬಳೆ. ಹಸುಗೂಸಿನ ಕೈಗೂ ಏರದಷ್ಟು ಚಿಕ್ಕದು. ಕುಮಟೆಯ ಒಂದು ಕುಲುಮೆಯಲ್ಲಿ ಕೆಂಪಗೆ ಕಾದು, ಸುತ್ತಿಗೆಯ ಪೆಟ್ಟು ತಿಂದು, ನೀರಿಗೆ ಬಿದ್ದು ಚುಸ್ಸೆಂದಾಗ ಹುಟ್ಟಿದೆ. ಮಾಡಿಸಿದವರು ನಳಿನಾಕ್ಷಿ. ಹೊಳೆಯನ್ನೂ ಅದನ್ನು ನಂಬಿ ಬದುಕುವ ಜನರನ್ನೂ ಒಟ್ಟಿಗೆ ಅಭ್ಯಾಸ ಮಾಡುವುದು ಅವರ ಕೆಲಸ.

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ನೀರಿಳಿದ ಹೊತ್ತಿಗೆ ಹೆಂಗಸರು ಕೆಸರು ಕೆದಕಿ ಬಳಚು ಆರಿಸುತ್ತಿದ್ದರು. ಬಳಚೆಂದರೆ ಚಿಪ್ಪಿನೊಳಗಿನ ಜೀವ. ಅವರ ಸಾರಿಗೂ ಅದೇ, ಪೇಟೆಗೆ ಒಯ್ದು ಮಾರಲಿಕ್ಕೂ ಅದೇ. ವರ್ಷದಿಂದ ವರ್ಷಕ್ಕೆ ಅದು ಕಡಿಮೆಯಾಗುತ್ತಿತ್ತು. ನನ್ನೊಳಗೆ ತೂರುವ ಬಳಚು ಇನ್ನೂ ಎಳೆಯದು, ಅದನ್ನು ಕೆಸರಿಗೇ ಬಿಟ್ಟರೆ ಮುಂದಿನ ವರ್ಷಕ್ಕೆ ಉಳಿಯುತ್ತದೆ ಎಂದು ನಳಿನಾಕ್ಷಿ ಹೇಳಿದರು.

ಆ ಹೆಂಗಸರಲ್ಲಿ ಗಣಪಿ ಎಂಬವಳು ನನ್ನನ್ನು ತಿರುಗಿಸಿ ನೋಡಿದಳು. "ನಮ್ಮನೆಯವ್ರು ಮದ್ವೇಲೂ ಇಷ್ಟ್ ದಪ್ಪಂದು ಹಾಕ್ಲಿಲ್ಲ ಅಕ್ಕೋರೆ," ಎಂದು ನಕ್ಕು, ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು.

ಅಲ್ಲಿಂದ ನಾನು ಅವಳ ಬೆವರಿನಲ್ಲಿ, ಉಪ್ಪುನೀರಿನಲ್ಲಿ ಬದುಕಿದೆ. ಅನುಮಾನ ಬಂದ ಬಳಚನ್ನೆಲ್ಲ ಅವಳು ನನ್ನ ಬಾಯಿಗೆ ಹಿಡಿಯುವಳು. ತೂರಿದರೆ ಕೆಸರಿಗೆ. ಬುಟ್ಟಿ ಅರ್ಧವೂ ತುಂಬದ ದಿನಗಳಿದ್ದವು. ಪಕ್ಕದಲ್ಲಿ ಕೆದಕುತ್ತಿದ್ದ ಓರಗಿತ್ತಿ ಹೊನ್ನಿ, "ಬಿಡು, ಬಿಡು. ಮಕ್ಳಿಗೆ ಆ ಬಳೆನೇ ಬೇಯ್ಸಿ ಹಾಕು," ಎಂದು ಚುಚ್ಚುವಳು. ಗಣಪಿ ಮುಂದಿನ ಬಳಚನ್ನು ನನಗೆ ಹಿಡಿದು ನೋಡುವಳು. ಮರುವರ್ಷ ಕೆಸರಿನಲ್ಲಿ ಕೈತುಂಬ ಬಲಿತ ಬಳಚು ಸಿಕ್ಕಿತು. ಆಗ ಹೊನ್ನಿಯೂ ನನ್ನನ್ನು ಕೇಳಿ ಪಡೆದು ಅಳೆದಳು. ನನ್ನ ಬಾಳಿನ ಒಳ್ಳೆಯ ಕಾಲವೆಂದರೆ ಅಷ್ಟೇ.

ಆಮೇಲೆ, ದೊಡ್ಡ ದೋಣಿಗಳಿಗೆ ದಾರಿ ಮಾಡಲು ಹೂಳೆತ್ತುವ ಯಂತ್ರ ಬಂತು. ಎತ್ತಿದ ಹೂಳನ್ನು ತಂದು ಸುರಿದದ್ದು ಬಳಚು ಸಿಗುತ್ತಿದ್ದ ಆ ಕೆಸರಿನ ದಿಬ್ಬದ ಮೇಲೆ. ಹೆಂಗಸರನ್ನು ಯಾರೂ ಕೇಳಲಿಲ್ಲ. ನಳಿನಾಕ್ಷಿ ಕಚೇರಿಯಿಂದ ಕಚೇರಿಗೆ ಅಲೆದರು. ಅಷ್ಟರಲ್ಲಿ ದಿಬ್ಬ ನಾರತೊಡಗಿತ್ತು. ಎಳೆಯವು, ಬಲಿತವು, ಎಲ್ಲ ಬಾಯಿ ತೆರೆದು ಸತ್ತಿದ್ದವು.

ಗಣಪಿ ದಾರ ಬಿಚ್ಚಿ ನನ್ನನ್ನು ನಳಿನಾಕ್ಷಿಯ ಕೈಗಿಟ್ಟಳು.

"ಬೇರೆ ಹೊಳಿಗೆ ಹೋದ್ರೆ ಬೇಕಾಗ್ತದೆ, ಇಟ್ಕಣಿ," ಎಂದಳು. ದಿಬ್ಬದತ್ತ ತಿರುಗಿ, "ಆ ಸಣ್ಣವನ್ನಾದ್ರೂ ಮಕ್ಳಿಗೆ ಹಾಕ್ಬಹುದಿತ್ತು ಅಕ್ಕೋರೆ."

ನಳಿನಾಕ್ಷಿ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಹಿಂತಿರುಗಿದರು.

ಈಗ ನಾನು ಅವರ ಮೇಜಿನ ಖಾನೆಯಲ್ಲಿದ್ದೇನೆ. ಬೇರೆ ಯಾವ ಹೊಳೆಗೂ ಅವರು ನನ್ನನ್ನು ಒಯ್ಯಲಿಲ್ಲ. ಮೈಗೆ ಹತ್ತಿದ ಉಪ್ಪು ಬಿಡಲಿಲ್ಲ; ತುಕ್ಕು ಉಬ್ಬಿ ನನ್ನ ಬಾಯಿ ಕಿರಿದಾಗುತ್ತಿದೆ. ಅಂದು ಸಲೀಸಾಗಿ ತೂರುತ್ತಿದ್ದ ಎಳೆಯ ಬಳಚು ಇಂದು ನನ್ನಲ್ಲಿ ಸಿಕ್ಕಿಕೊಂಡೀತು. ಹಿಡಿದು ನೋಡಲು ಒಂದಾದರೂ ಉಳಿದಿರಬೇಕಲ್ಲ.