ಸೋಮವಾರದ ತಟ್ಟೆ

ಪ್ರಯೋಗಾಲಯದವರೆಲ್ಲ ಅವಳನ್ನು ತಟ್ಟೆಯಮ್ಮ ಎಂದು ಕರೆಯುತ್ತಿದ್ದರು, ಅದೂ ಬೆನ್ನ ಹಿಂದಲ್ಲ, ಎದುರಿಗೇ. ಹೆಸರಿನ ಮುಂದೆ ಡಾಕ್ಟರೇಟು ಇತ್ತು, ಬಾಗಿಲಿಗೆ ಹುದ್ದೆ ಬರೆದ ಹಲಗೆಯೂ ಇತ್ತು. ಅದನ್ನು ಓದುವ ಪುಣ್ಯಾತ್ಮರು ಯಾರೂ ಇರಲಿಲ್ಲ. ಬೆಳಗಾದರೆ ರೋಗಾಣು ಬೆಳೆದ ಪುಟ್ಟ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಯಾವುದು ಯಾವ ಔಷಧಿಗೆ ಸಾಯುತ್ತದೆ, ಯಾವುದು ಜಗ್ಗುವುದಿಲ್ಲ ಎಂದು ಹೇಳುವುದು ಅವಳ ಕೆಲಸ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕೂತು, ಕೆಳಗಿನ ವಾರ್ಡುಗಳ ಜನರನ್ನು ಅವರ ಕಫ, ಕೀವು, ಮೂತ್ರಗಳಿಂದಲೇ ಬಲ್ಲಳು. ಮುಖ ಕಂಡವಳಲ್ಲ. ಲಿಫ್ಟಿನಲ್ಲಿ ಪಕ್ಕಕ್ಕೇ ನಿಂತವರು ಅವಳು ನಿನ್ನೆ ಓದಿದ ತಟ್ಟೆಯವರೇ ಇರಬಹುದು. ಅವರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ತಟ್ಟೆ ಓದುವುದೇನೂ ಬ್ರಹ್ಮವಿದ್ಯೆಯಲ್ಲ. ತಟ್ಟೆಯ ತುಂಬ ರೋಗಾಣು ಬಿತ್ತಿ, ಔಷಧಿ ಹೀರಿಕೊಂಡ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಮಾರನೆಯ ಬೆಳಿಗ್ಗೆ ಬಿಲ್ಲೆಯ ಸುತ್ತ ರೋಗಾಣು ಸತ್ತು ತಿಳಿಯಾದ ಬಳೆಯೊಂದು ಮೂಡಿದ್ದರೆ ಆ ಔಷಧಿ ನಾಟಿತು ಎಂದು ಅರ್ಥ. ಮೂಡದಿದ್ದರೆ ಇಲ್ಲ. ಅಷ್ಟೇ.

ಒಂಬತ್ತು ವರ್ಷದ ಹಿಂದೆ ಒಂದು ತಟ್ಟೆಯಲ್ಲಿ ಯಾವ ಬಿಲ್ಲೆಯ ಸುತ್ತಲೂ ಬಳೆ ಮೂಡಿರಲಿಲ್ಲ. ಆ ತಟ್ಟೆಯಲ್ಲಿ ಬಿತ್ತಿದ್ದ ಕೀವು ಅವಳ ಗಂಡನದು. ಅವನು ದರ್ಜಿ. ಅಂಗಡಿಯ ಅಟ್ಟದಿಂದ ಬಟ್ಟೆಯ ಸುರುಳಿ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಚೆನ್ನಾಗಿಯೇ ಆಯಿತು, ಗಾಯ ಕೆಟ್ಟಿತು. ಇದ್ದಬದ್ದ ಔಷಧಿಯನ್ನೆಲ್ಲ ಹಾಕಿ ನೋಡಿದರು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಎಲ್ಲ ಮುಗಿದ ದಿನ ಅವನ ತಂಗಿ ಹತ್ತು ಜನರ ಮುಂದೆ ಕೇಳಿಬಿಟ್ಟಳು: “ನೀನು ಅಲ್ಲೇ ಕೂತಿದ್ದೆಯಲ್ಲ ಅತ್ತಿಗೆ, ಒಂದು ಔಷಧಿ ಹುಡುಕೋಕೆ ಆಗ್ಲಿಲ್ವಾ ನಿನ್ ಕೈಲಿ?” ಆಮೇಲೆ ನಾದಿನಿಯ ಫೋನು ಬರಲಿಲ್ಲ, ಇವಳೂ ಮಾಡಲಿಲ್ಲ. ಮಕ್ಕಳಿರಲಿಲ್ಲ. ಶುಕ್ರವಾರ ಸಂಜೆ ಕಾವಲುಗಾರನಿಗೆ “ಬರ್ತೀನಪ್ಪಾ” ಎಂದರೆ, ಸೋಮವಾರದವರೆಗೆ ಬಾಯಿ ತೆರೆಯಲು ಅವಳಿಗೆ ಕಾರಣವೇ ಇರುತ್ತಿರಲಿಲ್ಲ. ಸೋಮವಾರದ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ಕೆಮ್ಮಿದ ಮೇಲೆ ಹೊರಬರುತ್ತಿತ್ತು.

ಆ ಮೊದಲ ಮಾತು ಯಾರಿಗೆ ಎಂದು ಕೇಳಿದರೆ ನೀವು ನಗುತ್ತೀರಿ. ಗಂಡನನ್ನು ಕೊಂದ ರೋಗಾಣುವಿಗೆ.

ಯಾವ ಔಷಧಿಗೂ ಬಗ್ಗದ ತಳಿ ಎಂದು ಅದನ್ನು ಪ್ರಯೋಗಾಲಯದ ಸಂಗ್ರಹಕ್ಕೆ ಸೇರಿಸಿದ್ದರು. ಮುಂದೆ ಹೊಸ ಔಷಧಿ ಬಂದರೆ ಪರೀಕ್ಷೆಗೆ ಬೇಕಾಗುತ್ತದೆ. ಅದಕ್ಕೊಂದು ನಂಬರು ಕೊಟ್ಟು, ಕೊರೆಯುವ ಫ್ರೀಜರಿನಲ್ಲಿ ಮಲಗಿಸಿದರು. ನಿಯಮದ ಪ್ರಕಾರ ಅದು ಅಲ್ಲೇ ಇರಬೇಕು. ತಟ್ಟೆಯಮ್ಮ ಮಾತ್ರ ಅದರ ಒಂದು ಚೂರನ್ನು ಎತ್ತಿಟ್ಟುಕೊಂಡು, ಪ್ರತಿ ಸೋಮವಾರ ಹಳೆಯ ತಟ್ಟೆಯಿಂದ ಹೊಸ ತಟ್ಟೆಗೆ ತಾನೇ ಬದಲಾಯಿಸುತ್ತಿದ್ದಳು. ಯಾರೂ ಹೇಳಿದ್ದಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ “ಇರ್ಲಿ, ಆಪತ್ಕಾಲಕ್ಕೆ” ಎನ್ನುತ್ತಿದ್ದಳು. ತಟ್ಟೆಗಳನ್ನು ಬೆಳೆಯಲು ಇಡುವ ಬೆಚ್ಚನೆಯ ಪೆಟ್ಟಿಗೆಯ ಕೆಳಗಿನ ಅಂಕಣ ಅದರದ್ದಾಯಿತು. ಅವಳು ಅದಕ್ಕೆ ಇಟ್ಟ ಹೆಸರು ಹಾಳಾದ್ದು.

“ಏನೇ ಹಾಳಾದ್ದೇ, ಇನ್ನೂ ಬದುಕಿದ್ದೀಯಾ?” ಎಂದು ಶುರುವಾದರೆ ಮುಗಿಯಿತು. ನಲ್ಲಿ ಸೋರುವುದು, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಗಂಡನ ಅಂಗಡಿಯಲ್ಲಿ ಈಗ ಯಾರೋ ಮೊಬೈಲು ರಿಪೇರಿ ಮಾಡುವುದು, ಎಲ್ಲವೂ ಅದರ ಮುಂದೆ. ಬೈಗುಳವೂ ಧಾರಾಳವಾಗಿ ಬೀಳುತ್ತಿತ್ತು. ಸೋಮವಾರ ಕೆಳಗಡೆ ಎಳೆಮಕ್ಕಳಿಗೆ ಲಸಿಕೆ ಹಾಕುವ ದಿನ. ಕಿಟಕಿ ತೆರೆದರೆ ಸೂಜಿ ಚುಚ್ಚಿಸಿಕೊಂಡ ಕೂಸುಗಳ ಅಳು ಮೇಲಕ್ಕೆ ಬರುತ್ತಿತ್ತು. “ಕೇಳಿಸ್ತಾ? ಅವಕ್ಕೆಲ್ಲ ನಿಮ್ಮ ಕುಲದವರನ್ನ ಎದುರಿಸೋಕೆ ಮುಂಚೇನೇ ಕಲಿಸಿ ಕಳಿಸ್ತಿದ್ದಾರೆ. ನಮ್ಮೋರಿಗೆ ಯಾರೂ ಕಲಿಸ್ಲಿಲ್ಲ” ಎನ್ನುತ್ತಿದ್ದಳು. ದ್ವೇಷ ಇತ್ತು, ಸುಳ್ಳೇಕೆ. ಆದರೆ ಅವನ ಮೈಯಿಂದ ಬಂದದ್ದರಲ್ಲಿ ಈ ಭೂಮಿಯ ಮೇಲೆ ಇನ್ನೂ ಜೀವಂತ ಇದ್ದದ್ದು ಅದೊಂದೇ.

ಇಂಥ ಮೊಂಡು ತಳಿಯನ್ನು ಬೆಳೆಸುವಾಗ ಅದರ ಆಹಾರದಲ್ಲಿ ಸ್ವಲ್ಪ ಔಷಧಿಯನ್ನೂ ಬೆರೆಸಬೇಕು. ಹೊಸಬರಿಗೆ ಅವಳೇ ಕಲಿಸುತ್ತಿದ್ದ ಪಾಠ ಇದು. ಮೊದಮೊದಲು ಅವಳೂ ಬೆರೆಸುತ್ತಿದ್ದಳು. ಆದರೆ ಅದು ಗಂಡನಿಗೆ ಕೊನೆಯಲ್ಲಿ ಹನಿಹನಿಯಾಗಿ ಇಳಿಸಿದ ಔಷಧಿ. ಅದೇ ಬಾಟಲಿ, ಅದೇ ತೆಳು ಹಳದಿ. ಬಾಟಲಿ ಎತ್ತಿ, ಮತ್ತೆ ಕೆಳಗಿಟ್ಟು, ಮತ್ತೆ ಎತ್ತಿ ಅಳೆಯುತ್ತಿದ್ದಳು. ಒಂದು ಸೋಮವಾರ ಬಿಟ್ಟಳು. ಹಾಳಾದ್ದು ಚೆನ್ನಾಗಿಯೇ ಬೆಳೆಯಿತು. ಮತ್ತೆ ಬಾಟಲಿ ಮುಟ್ಟಲಿಲ್ಲ.

ಹಿಂದಿನ ವರ್ಷ ರಜೆಯ ದಿನಗಳಲ್ಲಿ ಫ್ರೀಜರು ಕೆಟ್ಟು, ಒಂದಿಡೀ ಅಂಕಣ ಕರಗಿ ನೀರಾಯಿತು. ಹೋದವುಗಳಲ್ಲಿ ಈ ತಳಿಯೂ ಇತ್ತು. ದೊಡ್ಡ ಡಾಕ್ಟರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ತಲೆಯ ಮೇಲೆ ಕೈ ಹೊತ್ತು ಕೂತಾಗ ತಟ್ಟೆಯಮ್ಮ ಕೆಳಗಿನ ಅಂಕಣದಿಂದ ತನ್ನ ತಟ್ಟೆ ತೆಗೆದುಕೊಟ್ಟಳು. “ನೀವು ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತಮ್ಮಾ!” ಎಂದು ಅವರು ಕೈ ಮುಗಿದರು. ಅವಳ ತಟ್ಟೆಯಿಂದಲೇ ಹೊಸ ದಾಸ್ತಾನು ಮಾಡಿ ಫ್ರೀಜರಿಗೆ ಸೇರಿಸಿದರು. ಎಲ್ಲರಿಗೂ ಪರಿಚಯದ ಕಳ್ಳ, ಅವನ ಜೇಬು ತಡಕುವುದೇಕೆ ಎಂದು ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ.

ಹೀಗಿರುವಾಗ ಪುಡಿಯಪ್ಪನ ಹೊಸ ಔಷಧಿ ತಯಾರಾಯಿತು. ಅವನು ಕೆಳಗಿನ ಮಹಡಿಯ ರಸಾಯನ ವಿಭಾಗದವನು. ಸದಾ ಸೀಸೆಯಲ್ಲಿ ಒಂದು ಚಿಟಿಕೆ ಪುಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತುವುದರಿಂದ ಆ ಹೆಸರು. ವರ್ಷಗಟ್ಟಲೆ ತಂದ ಪುಡಿಗಳೆಲ್ಲ ಮಣ್ಣುಪಾಲಾಗಿದ್ದವು. ಹೆಂಡತಿ “ಆ ಪುಡಿಯಲ್ಲಿ ಪಾತ್ರೆಯಾದ್ರೂ ತೊಳೀಬಹುದಾ ಹೇಳಿ” ಎನ್ನುತ್ತಾಳೆಂದು ತಾನೇ ಹೇಳಿಕೊಂಡು ನಗುವವನು. ಈ ಸಲ ಅವನು ನಗುತ್ತಿರಲಿಲ್ಲ. ಇದು ಹಾಳಾದ್ದನ್ನು ಕೊಂದರೆ ಮುಂದಿನ ಹಂತಕ್ಕೆ ಹೋಗುತ್ತದೆ. ಇಲ್ಲವಾದರೆ ಅವನ ವಿಭಾಗಕ್ಕೇ ಬೀಗ.

ತಟ್ಟೆಯಮ್ಮ ಅವನಿಗಿಂತ ಹೆಚ್ಚು ಕಾದಿದ್ದಳು. ಒಂದು ಬಳೆ. ಆ ಹಾಳಾದ್ದರ ನಡುವೆ ಒಂದೇ ಒಂದು ಬಳೆ ನೋಡಿಬಿಟ್ಟರೆ ಸಾಕು, ಆ ದಿನವೇ ನಾದಿನಿಗೆ ಫೋನು ಮಾಡಿ “ಸಿಕ್ಕಿತು ಕಣೇ, ತಡವಾಯ್ತು, ಆದರೆ ಸಿಕ್ಕಿತು” ಎಂದು ಹೇಳುವುದು ಎಂದುಕೊಂಡಿದ್ದಳು. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿದ್ದಳು.

ಪರೀಕ್ಷೆಯ ತಟ್ಟೆಯನ್ನು ಅವಳೇ ಬಿತ್ತಿದಳು. ನಡುವೆ ಪುಡಿಯಪ್ಪನ ಬಿಲ್ಲೆ. ಪಕ್ಕದಲ್ಲಿ, ಪದ್ಧತಿಯಂತೆ, ಹಳೆಯ ಔಷಧಿಯ ಒಂದು ಬಿಲ್ಲೆ. ಅದು ಸಾಕ್ಷಿಗೆ: ಅದರ ಸುತ್ತ ಬಳೆ ಮೂಡಬಾರದು, ಮೂಡದಿದ್ದರೆ ಇದು ಅದೇ ಮೊಂಡು ತಳಿ ಎಂದು ಖಾತ್ರಿ.

ಮರುದಿನ ಅವಳು ಬರುವ ಹೊತ್ತಿಗೆ ಪುಡಿಯಪ್ಪ ಪೆಟ್ಟಿಗೆಯ ಮುಂದೆ ಹಾಜರು. ದೊಡ್ಡ ಡಾಕ್ಟರು ಕಾಫಿಯ ಲೋಟ ಹಿಡಿದೇ ಬಂದಿದ್ದರು. ಅವಳು ಬಾಗಿಲು ತೆರೆದು ತಟ್ಟೆ ಎತ್ತಿ ಬೆಳಕಿಗೆ ಹಿಡಿದಳು.

ನಡುವೆ ಬಳೆ ಇತ್ತು. ಸ್ವಚ್ಛವಾಗಿ, ಕೈವಾರ ಹಾಕಿ ಬರೆದಷ್ಟು ದುಂಡಗೆ.

“ಬಂತು! ಬಂತು ಕಣ್ರೀ!” ಎಂದು ಪುಡಿಯಪ್ಪ ಕೂಗಿದವನು ಹಾಗೇ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ದೊಡ್ಡ ಡಾಕ್ಟರು ಅವನ ಬೆನ್ನು ತಟ್ಟುವ ಭರದಲ್ಲಿ ಕಾಫಿ ಚೆಲ್ಲಿಕೊಂಡರು. ತಟ್ಟೆಯಮ್ಮನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆ ಸುಖ ಒಂದು ಉಸಿರಿನಷ್ಟು ಹೊತ್ತು ಇತ್ತೋ ಇಲ್ಲವೋ. ಓದುವ ಅಭ್ಯಾಸ ಕೆಟ್ಟದ್ದು, ಕಣ್ಣು ಪಕ್ಕದ ಬಿಲ್ಲೆಗೆ ಹೋಯಿತು. ಅಲ್ಲೂ ಬಳೆ ಇತ್ತು. ಹೊಸದಕ್ಕಿಂತ ದೊಡ್ಡದು.

ಉಳಿದಿಬ್ಬರೂ ನಡುವಿನ ಬಿಲ್ಲೆಯನ್ನೇ ನೋಡುತ್ತಿದ್ದರು. ಪಕ್ಕದ್ದು ಅವಳ ಹೆಬ್ಬೆರಳ ಕೆಳಗಿತ್ತು. ಬೆರಳನ್ನು ಅಲ್ಲೇ ಬಿಟ್ಟರೆ ಆಯಿತು. ಪುಡಿಯಪ್ಪನ ವಿಭಾಗ ಉಳಿಯುತ್ತದೆ, ನಾದಿನಿಗೆ ಫೋನು ಹೋಗುತ್ತದೆ, ಸೋಮವಾರಗಳು ಉಳಿಯುತ್ತವೆ. ತಳಿ ಹಾಳು ಮಾಡಿದವಳು ಎಂಬ ಮಾತು ಬರುವುದಿಲ್ಲ. ಒಂದು ಗಳಿಗೆ ಅವಳು ಬೆರಳನ್ನು ಕದಲಿಸಲಿಲ್ಲ. ಕೆಳಗಿನ ವಾರ್ಡಿನಲ್ಲಿ ಯಾರದೋ ಗಂಡ ಮಲಗಿರುತ್ತಾನೆ, ಅವನಿಗೆ ಈ ಪುಡಿಯನ್ನು ನಂಬಿ ಹನಿ ಇಳಿಸುತ್ತಾರೆ ಎಂಬುದು ಹೊಳೆದ ಮೇಲೆ ಬೆರಳು ತಾನಾಗಿಯೇ ಸರಿಯಿತು.

“ಇದನ್ನೂ ನೋಡಿ” ಎಂದಳು.

ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಒರೆಸಿಕೊಂಡು ನೋಡಿದರು. “ಹಳೇ ಔಷಧಿಗೇ ಸಾಯ್ತಿದೆಯಲ್ಲಮ್ಮಾ. ಇದು ನಮ್ಮ ತಳಿ ಅಲ್ವಾ?”

“ನಮ್ಮದೇ. ಮೊಂಡುತನ ಬಿಟ್ಟಿದೆ.” ತಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದುವರಿಸಿದಳು. “ನಾನು ಇಷ್ಟು ವರ್ಷ ಔಷಧಿ ಬೆರೆಸದೆ ಬರೀ ಊಟ ಹಾಕಿ ಸಾಕಿದೆ. ಹೊಡೆಯೋರೇ ಇಲ್ಲದ ಮನೇಲಿ ಗುರಾಣಿ ಹೊತ್ಕೊಂಡು ಯಾರು ತಿರುಗ್ತಾರೆ? ಬಿಸಾಕಿದವು ಹಗುರವಾಗಿ ಬೇಗ ಬೆಳೆದ್ವು. ಹೊತ್ತವು ಹಿಂದೆ ಬಿದ್ದು ಹೋದ್ವು. ಫ್ರೀಜರಿನಲ್ಲಿರೋದೂ ಇದರ ಸಂತಾನವೇ. ಅಸಲು ತಳಿ ಈಗ ಎಲ್ಲೂ ಇಲ್ಲ.”

“ಅಂದ್ರೆ ನನ್ನ ಪುಡಿ?” ಪುಡಿಯಪ್ಪ ಕೇಳಿದ.

“ಗೊತ್ತಿಲ್ಲಪ್ಪ. ಇದನ್ನ ಈಗ ಯಾವ ಔಷಧಿ ಬೇಕಾದ್ರೂ ಕೊಲ್ಲುತ್ತೆ. ಒಳ್ಳೇದೂ ಇರಬಹುದು, ಅಲ್ಲದೆಯೂ ಇರಬಹುದು.”

ದೊಡ್ಡ ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬೇರೆ ಆಸ್ಪತ್ರೆಯಿಂದ ಬೇರೆ ಮೊಂಡು ತಳಿ ತರಿಸಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದರು. ದಾಸ್ತಾನಿನ ಜವಾಬ್ದಾರಿ ಇನ್ನು ಬೇರೆಯವರು ನೋಡಿಕೊಳ್ಳಲಿ ಎಂದೂ, ಬಾಗಿಲ ಹತ್ತಿರ ಹೋಗಿ, ಮೆಲ್ಲಗೆ ಹೇಳಿದರು. “ಆ ತಟ್ಟೆಗಳನ್ನೆಲ್ಲ ತೆಗೆದುಬಿಡಿಮ್ಮಾ. ಗೊಂದಲ ಆಗೋದು ಬೇಡ.”

ಪುಡಿಯಪ್ಪ ಹೋಗಲಿಲ್ಲ. “ನಮಗೆಲ್ಲ ಪಾಠ ಹೇಳಿದೋರು ನೀವು,” ಎಂದ. ಸಿಟ್ಟು ಬಂದಿತ್ತು, ಬರಬೇಕಾದ್ದೇ. “ಹಾವಿಗೆ ಹಾಲೆರೆದ್ರೆ ವಿಷ ಹೆಚ್ಚುತ್ತೆ ಅಂತಾರೆ. ನೀವು ಎರೆದೂ ಎರೆದೂ ಅದನ್ನ ಎರೆಹುಳ ಮಾಡಿದ್ದೀರಿ! ಯಾಕೆ ಮಾಡಿದ್ರಿ? ಅದ್ರಲ್ಲೇನಿತ್ತು?”

“ಅದು ನಮ್ಮನೆಯವರ ಗಾಯದ್ದು” ಎಂದಳು.

ಅವನಿಗೆ ಗೊತ್ತಿರಲಿಲ್ಲ. ಅವನು ಕೆಲಸಕ್ಕೆ ಸೇರಿದ್ದೇ ಆಮೇಲೆ. ಅವನಿಗೆ ಅದೊಂದು ನಂಬರು. ತನ್ನ ಸೀಸೆಯನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಬದಲಾಯಿಸಿದ. “ಹೇಳಬಹುದಿತ್ತಲ್ಲ” ಎಂದ. “ಯಾರಿಗೆ?” ಎಂದು ಅವಳು ಕೇಳಿದಳು. ಅವನು ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋದ.

ಅವಳು ಕೆಳಗಿನ ಅಂಕಣವನ್ನು ಖಾಲಿ ಮಾಡಿದಳು. ಫ್ರೀಜರಿನ ಸೀಸೆಗಳನ್ನೂ ತಂದಳು. ಎಲ್ಲವನ್ನೂ ದಪ್ಪ ಚೀಲಕ್ಕೆ ಹಾಕಿ, ಮೂಲೆಯಲ್ಲಿದ್ದ ಉಗಿಯಂತ್ರದೊಳಗೆ ಇಟ್ಟಳು. ಅದು ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ. ಒಳಗೆ ಹೋದದ್ದು ಜೀವಂತವಾಗಿ ಹೊರಗೆ ಬರುವುದಿಲ್ಲ. ಉಳಿದದ್ದು ಪರೀಕ್ಷೆಯ ತಟ್ಟೆ ಒಂದೇ. ಅದನ್ನು ಹಾಕುವ ಮುಂಚೆ ಕಿಟಕಿಯ ಹತ್ತಿರ ಒಯ್ದು ಮತ್ತೊಮ್ಮೆ ನೋಡಿದಳು. ಹಳೆಯ ಔಷಧಿಯ ಸುತ್ತಲ ಬಳೆಯನ್ನು. ಗಂಡನೊಳಗೆ ಹನಿಹನಿಯಾಗಿ ಇಳಿದದ್ದು ಇದೇ ಔಷಧಿ. ಅಂದು ಹಾಳಾದ್ದು ಹೀಗೆ ಮೆತ್ತಗಿದ್ದಿದ್ದರೆ ವಾರದೊಳಗೆ ಮನೆಗೆ ಬರುತ್ತಿದ್ದ.

ಅಂದು ಬಳೆಯಿಲ್ಲದ ತಟ್ಟೆ ಓದಿ ವಾರ್ಡಿಗೆ ಇಳಿದು ಹೋದಾಗ ಅವನು ಜ್ವರದಲ್ಲೂ ಕಣ್ಣು ಬಿಟ್ಟು ಕೇಳಿದ್ದ: “ಬಂತಾ ನಿನ್ನ ಬಳೆ?”

“ಬಂತು” ಎಂದಿದ್ದಳು.

“ಎಷ್ಟಗಲ?” ದರ್ಜಿಗೆ ಅಳತೆ ಬೇಕು.

“ಕೋಟಿನ ಗುಂಡಿಯಷ್ಟು.”

“ಹಾಗಾದ್ರೆ ದೊಡ್ಡದೇ. ಮುಂದಿನ ವಾರ ಅಂಗಡಿ ತೆಗೀಬಹುದು” ಎಂದು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದ. ಅವನು ಅವಳ ಮಾತನ್ನು ಯಾವತ್ತೂ ಅನುಮಾನಿಸಿದವನಲ್ಲ. ಆ ಸುಳ್ಳನ್ನು ಅವಳು ನಾದಿನಿಗೂ ಹೇಳಿರಲಿಲ್ಲ, ಹಾಳಾದ್ದಕ್ಕೂ ಹೇಳಿರಲಿಲ್ಲ.

ಮೇಜಿನ ಮೇಲಿನ ಅಳತೆಪಟ್ಟಿ ತೆಗೆದು ತಟ್ಟೆಯ ಬೆನ್ನಿಗೆ ಇಟ್ಟಳು. ಕೋಟಿನ ಗುಂಡಿಯಷ್ಟೇ ಇತ್ತು, ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲ.

“ನೋಡ್ರೀ, ಬಂದಿದೆ” ಎಂದು ಗಟ್ಟಿಯಾಗಿಯೇ ಹೇಳಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ತಟ್ಟೆಯನ್ನು ಇನ್ನೂ ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದುಕೊಂಡೇ ನಿಂತಿದ್ದಳು.